ಮೇಜಿನ ಮುಂದೆ ನುಂಗಿದ ಶಬ್ದ

ಅವತ್ತು ನಾನು ಒಂದು ಶಬ್ದವನ್ನು ನುಂಗಿದೆ. ಮರೆತದ್ದಲ್ಲ, ತಿಳಿಯದೆ ತಪ್ಪಿದ್ದೂ ಅಲ್ಲ — ತಿಳಿದು ತಿಳಿದೇ ನುಂಗಿದೆ. ಅದು ಕಿವಿಗೆ ಬೀಳದೆ ಹೋದದ್ದಕ್ಕೆ ಬೆಟಗೇರಿಯ ನಮ್ಮ ಸಭೆಯ ಹೆಂಗಸರು ವರ್ಷಗಟ್ಟಲೆ ಬಾಗಿಲ ಹೊರಗೆ ಕೂತರು. ಸಭೆಯವರೆಲ್ಲ ಓದುವ ಈ ಪತ್ರಿಕೆಯಲ್ಲೇ ಅದನ್ನು ಹೇಳುತ್ತಿದ್ದೇನೆ.

ಹೊಸಬರಿಗೆ ಹಳೆಯ ಪದ್ಧತಿ ಗೊತ್ತಿರಲಿಕ್ಕಿಲ್ಲ. ಆಗ ನಮ್ಮ ಚರ್ಚಿನ ಆಡಳಿತವೆಲ್ಲ ‘ಮೇಜಿನವರ’ ಕೈಯಲ್ಲಿತ್ತು. ಆರಾಧನೆ ಮುಗಿದ ಮೇಲೆ ಹಿಂದಿನ ಕೋಣೆಯ ಉದ್ದನೆಯ ಮೇಜಿನ ಸುತ್ತ ಮನೆಗೊಬ್ಬ ಯಜಮಾನ ಕೂಡುತ್ತಿದ್ದ. ಪಾಸ್ಟರ್ ಮನೆಯ ದುರಸ್ತಿಯಿಂದ ಹಿಡಿದು ಸ್ಮಶಾನದ ಬೇಲಿಯವರೆಗೆ ಎಲ್ಲ ತೀರ್ಮಾನವೂ ಅಲ್ಲೇ. ಗಂಡಸಿಲ್ಲದ ಮನೆಗೆ ಕುರ್ಚಿ ಇಲ್ಲ. ಕುರ್ಚಿ ಇಲ್ಲದವರಿಗೆ ಮಾತಿಲ್ಲ.

ಎಸ್ತೇರವ್ವನ ಮನೆಗೆ ಕುರ್ಚಿ ಇರಲಿಲ್ಲ. ಗಂಡ ತೀರಿಕೊಂಡಿದ್ದ, ಹೆಣ್ಣುಮಕ್ಕಳು ಮದುವೆಯಾಗಿ ಹೋಗಿದ್ದರು. ಖಡಕ್ ರೊಟ್ಟಿ ಮಾಡಿ ಖಾನಾವಳಿಗಳಿಗೆ ಕೊಟ್ಟು ಬದುಕುವಾಕೆ. ಓಣಿಯೆಲ್ಲ ಆಕೆಯನ್ನು ದೊಡ್ಡವ್ವ ಅನ್ನುತ್ತಿತ್ತು, ನಾನೂ ಅನ್ನುತ್ತಿದ್ದೆ. ಪಿ.ಯು.ಸಿ. ಆದ ಮೇಲೆ ಅಪ್ಪ ನನ್ನ ಓದು ಬಿಡಿಸಲು ಹೊರಟಾಗ, ಆಕೆ ಬಂದು ನಮ್ಮ ಹೊಸ್ತಿಲ ಮೇಲೆ ಕೂತುಬಿಟ್ಟಳು.

“ಹುಡುಗಿ ಕಾಲೇಜಿಗೆ ಹೋಗ್ತಾಳ ಅನ್ನೂತನಾ ನಾ ಏಳಾಕಿ ಅಲ್ಲ, ಯೋಹಾನಪ್ಪ. ಚಾ ಕೊಟ್ರ ಬ್ಯಾಡ ಅನ್ನೂದಿಲ್ಲ ಮತ್ತ.”

ಅಪ್ಪ ನಕ್ಕು ಸೋತ. ನಮ್ಮ ಮನೆತನದಲ್ಲಿ ಡಿಗ್ರಿ ಮುಗಿಸಿದವಳು ನಾನೇ ಮೊದಲು. ಇದನ್ನು ಈಗಲೂ ತಲೆ ಎತ್ತಿ ಹೇಳುತ್ತೇನೆ, ಯಾಕೆಂದರೆ ಅದು ಪುಕ್ಕಟೆ ಬಂದದ್ದಲ್ಲ. ಆದರೆ ಆ ಹೆಮ್ಮೆಯೇ...

ಇರಲಿ. ನಡೆದದ್ದನ್ನು ಹೇಳುತ್ತೇನೆ.

ಸಭೆಯ ತೀರ್ಮಾನಗಳಲ್ಲಿ ಹೆಂಗಸರಿಗೂ ದನಿ ಇರಬೇಕೆಂದು ದೊಡ್ಡವ್ವ ಪಟ್ಟು ಹಿಡಿದಿದ್ದಳು. ಕೊನೆಗೆ ವಿಚಾರಣೆಗೆಂದು ಚರ್ಚಿನ ಮೇಲಿನ ಆಡಳಿತದಿಂದ ಹಿರಿಯ ಅಯ್ಯನವರೊಬ್ಬರು ಬಂದರು. ತಮಿಳು ಸೀಮೆಯವರು, ಅವರಿಗೆ ಕನ್ನಡ ಬಾರದು. ನಮ್ಮ ಪಾಸ್ಟರ್ ವರ್ಗವಾಗಿ ಹೋಗಿ ಹೊಸಬರು ಇನ್ನೂ ಬಂದಿರಲಿಲ್ಲ. ಇಂಗ್ಲಿಷ್ ಬಲ್ಲವರು ಬೇರೆ ಯಾರೂ ಇಲ್ಲದ್ದರಿಂದ, ಅಯ್ಯನವರ ಇಂಗ್ಲಿಷನ್ನು ಕನ್ನಡಕ್ಕೂ ನಮ್ಮವರ ಕನ್ನಡವನ್ನು ಇಂಗ್ಲಿಷಿಗೂ ತಿರುಗಿಸಲು ನನ್ನನ್ನು ಕರೆದರು. ಮೇಜಿನ ಪಕ್ಕದಲ್ಲಿ ನಿಂತೆ — ಆ ಕೋಣೆಯೊಳಗಿದ್ದ ಒಬ್ಬಳೇ ಹೆಣ್ಣು. ಉಳಿದ ಹೆಂಗಸರು ಹೊರಗೆ ಕಟ್ಟೆಯ ಮೇಲೆ ಕೂತಿದ್ದರು.

ಅಯ್ಯನವರು ಎಲ್ಲವನ್ನೂ ಕೇಳಿ ಒಂದೇ ಮಾತು ಹೇಳಿದರು: ಕರ್ತನ ಮೇಜಿಗೆ ಬರುವ ಪ್ರತಿಯೊಬ್ಬರಿಗೂ ಸಭೆಯಲ್ಲಿ ದನಿ ಇದೆ. ಕರ್ತನ ಮೇಜು ಅಂದರೆ ಪವಿತ್ರ ಭೋಜನ. ಅಲ್ಲಿ ಗಂಡಸರ ಹಿಂದೆ ಹೆಂಗಸರೂ ಬರುತ್ತಾರೆ, ದೊಡ್ಡವ್ವನೂ ಬರುತ್ತಾಳೆ. ಆ ಮಾತಿನಲ್ಲಿ ಆಕೆ ಗೆದ್ದಿದ್ದಳು.

ನಾನು ಹೇಳಿದ್ದು: “ಮೇಜಿಗೆ ಬರುವ ಎಲ್ಲರಿಗೂ ದನಿ ಇದೆ.”

ಅಷ್ಟೇ. ‘ಕರ್ತನ’ ಎನ್ನುವುದನ್ನು ಬಿಟ್ಟೆ. ಮೇಜಿನವರು ತಲೆ ತೂಗಿದರು — ಅವರ ಕಿವಿಗೆ ಮೇಜು ಅಂದರೆ ಮುಂದಿದ್ದ ಕಟ್ಟಿಗೆಯ ಮೇಜು. ಅಯ್ಯನವರು ಅದನ್ನು ಒಪ್ಪಿಗೆ ಎಂದುಕೊಂಡು ಮುಗುಳ್ನಕ್ಕರು.

ಬಾಗಿಲಿಂದ ದೊಡ್ಡವ್ವ ಕೇಳಿದಳು, “ನಮ್ಮ ಬಗ್ಗೆ ಏನಂದ್ರವ್ವಾ ಅಯ್ಯನವರು?”

ನಾನು ಬಾಯಿ ತೆರೆಯುವ ಮೊದಲೇ ಮೇಜಿನವರಲ್ಲೊಬ್ಬರು ಕೂಗಿದರು, “ಕೇಳಸಲಿಲ್ಲೇನ ಎಸ್ತೇರವ್ವ? ರೊಟ್ಟಿ ಬಡದು ಬಡದು ಕಿವಿ ಮಂದ ಆಗ್ಯಾವೇನು? ಮೇಜಿಗೆ ಬರೋವ್ರಿಗೆ ಅಷ್ಟ ಅಂತ!” ಕೋಣೆಯೆಲ್ಲ ನಕ್ಕಿತು. ಆಕೆ ನಗುವವರನ್ನು ನೋಡಲಿಲ್ಲ, ನನ್ನ ಮುಖ ನೋಡಿದಳು. ನಾನು ಹೌದೆಂದು ತಲೆ ಆಡಿಸಿದೆ.

ಯಾಕೆ ಹಾಗೆ ಮಾಡಿದೆ? ಅಜ್ಜನ ನಂತರ ಅಪ್ಪನಿಗೆ ಹೊಸದಾಗಿ ಸಿಕ್ಕಿದ್ದ ಕುರ್ಚಿ ಹೋದೀತೆಂದು — ಬಹಳ ದಿನ ನನಗೆ ನಾನೇ ಹೀಗೆ ಹೇಳಿಕೊಂಡೆ. ಅದು ಅರ್ಧ ಸತ್ಯ. ಉಳಿದರ್ಧ ಹೇಳಲು ನಾಚಿಕೆ: ಒಳಗೆ ನಿಂತವಳು ನಾನೊಬ್ಬಳೇ ಆಗಿರಲಿ ಅನ್ನಿಸಿತು. ಬಾಗಿಲು ಎಲ್ಲರಿಗೂ ತೆರೆದರೆ ನನ್ನ ಡಿಗ್ರಿಯ ಬೆಲೆ...

ಆ ಶಬ್ದದ ಜೊತೆ ನನ್ನ ದನಿಯನ್ನೂ ನಾನೇ ನುಂಗಿದ್ದೆ. ಅದು ಆಗ ಹೊಳೆಯಲೂ ಇಲ್ಲ.

ಸ್ವಲ್ಪ ದಿನಕ್ಕೇ ಮೇಜಿನವರು ಹೆಂಗಸರ ಪ್ರಾರ್ಥನೆಯ ಕೋಣೆಯನ್ನು ಶೇಂಗಾ ಚೀಲ ಇಡಲು ವ್ಯಾಪಾರಿಯೊಬ್ಬರಿಗೆ ಕೊಟ್ಟರು. ಯಾರನ್ನೂ ಕೇಳಲಿಲ್ಲ. ಹೆಂಗಸರು ಗೋಡೆಯ ನೆರಳಿನಲ್ಲಿ ಚಾಪೆ ಹಾಸಿ ಪ್ರಾರ್ಥಿಸಿದರು. ನನ್ನ ಮೇಲೆ ಗುಸುಗುಸು ಎದ್ದಾಗ ತಡೆದವಳು ದೊಡ್ಡವ್ವನೇ: “ಆಕಿಗ್ಯಾಕ ಅಂತೀರಿ? ಇದ್ದದ್ದನ್ನ ಇದ್ದಂಗ ಹೇಳ್ಯಾಳ ಆಕಿ.”

ಮತ್ತೊಬ್ಬಳಾಗಿದ್ದರೆ ಅಲ್ಲಿಗೇ ಬಿಡುತ್ತಿದ್ದಳು. ಈಕೆ ಬಿಡಲಿಲ್ಲ. ಮೇಲಿನವರು ಕೊಡದಿದ್ದರೆ ಮೇಜಿನವರಿಂದಲೇ ಪಡೆಯುತ್ತೇನೆ ಎಂದು ಹೊರಟಳು. ರೊಟ್ಟಿಯ ಬುಟ್ಟಿ ಹೊತ್ತು ಒಬ್ಬೊಬ್ಬರ ಹೊಸ್ತಿಲಲ್ಲಿ ಕೂತಳು. ಕೂತಲ್ಲಿ ಜಗಳವಾಡಲಿಲ್ಲ, ಬೇಡಿಕೊಳ್ಳಲೂ ಇಲ್ಲ. “ನೀ ಹಾಸಿಗಿ ಹಿಡದ್ರ ನಿನ್ನ ಮನಿ ಮಾತು ಯಾರು ಆಡ್ತಾರಪ್ಪ?” ಎಂದು ಕೇಳಿ, ಉತ್ತರಕ್ಕೆ ಕಾಯುತ್ತಿದ್ದಳು. ಅವತ್ತು ನಕ್ಕವರ ಮನೆಗೂ ಹೋದಳು. ಕಡೆಗೆ ಹೋದ ವರ್ಷದ ಕೂಟದಲ್ಲಿ ಮೇಜಿನವರೇ ಒಬ್ಬೊಬ್ಬರಾಗಿ ಎದ್ದು, ಪ್ರಾಯಕ್ಕೆ ಬಂದ ಗಂಡಸು ಹೆಂಗಸರೆಲ್ಲರಿಗೂ ದನಿ ಇರಲಿ ಎಂದರು. ತಮ್ಮ ಕೈಯಲ್ಲಿದ್ದ ಅಧಿಕಾರವನ್ನು ತಾವೇ ಹಂಚಿಕೊಟ್ಟ ಗಂಡಸರನ್ನು ನಾನು ಅಲ್ಲಿಯವರೆಗೆ ನೋಡಿರಲಿಲ್ಲ. ಅವರನ್ನು ಅಲ್ಲಿಗೆ ತಂದವಳು ಆಕೆ.

ಈಗ ಆಕೆ ಸಭೆಯ ಹಿರಿಯಳು. ಹೋದ ತಿಂಗಳು ಕಾರ್ಯದರ್ಶಿಯ ಸ್ಥಾನಕ್ಕೆ ನನ್ನ ಹೆಸರು ಸೂಚಿಸಿದಳು. ಅದನ್ನು ಕೇಳಿದ ಮೇಲೆ ಸುಮ್ಮನಿರಲು ನನ್ನಿಂದ ಆಗಲಿಲ್ಲ. ಆಕೆಯ ಮನೆಗೆ ಹೋಗಿ, ನೆಲದ ಮೇಲೆ ಕೂತು, ಎಲ್ಲ ಹೇಳಿದೆ.

ದೊಡ್ಡವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು. ಆಮೇಲೆ, “ಅಯ್ಯನವರು ಖರೇನ ಹಂಗ ಅಂದಿದ್ರಾ?”

“ಅಂದಿದ್ರು, ದೊಡ್ಡವ್ವ.”

“ಅಯ್ಯ ಶಿವನೇ— ಅಲ್ಲ, ಕರ್ತನೇ! ಇಷ್ಟು ವರ್ಷ ಆ ಮನಶ್ಯಾನ್ನ ಬೈಕೋತ ಬಂದೆನಲ್ಲ ನಾ!”

ಆಕೆ ನಕ್ಕಳು. ನಾನೂ ನಗಲು ಹೋದೆ. ತಕ್ಷಣ ಆಕೆಯ ಮುಖ ಬಿಗಿಯಾಯಿತು.

“ನೀ ನಗಬ್ಯಾಡ. ನನಗ ಒಬ್ಬಾಕಿಗೆ ಹೇಳಿ ಹಗುರ ಆಗಬ್ಯಾಡ. ಕಟ್ಟಿ ಮ್ಯಾಲೆ ಕುಂತಾಕಿ ನಾ ಒಬ್ಬಾಕೇನ?”

ಅದಕ್ಕೇ ಈ ಬರಹ. ಕಾರ್ಯದರ್ಶಿ ಸ್ಥಾನಕ್ಕೆ ಬಂದಿದ್ದ ನನ್ನ ಹೆಸರನ್ನು ಹಿಂತೆಗೆದುಕೊಂಡಿದ್ದೇನೆ. ಅವತ್ತು ಕಟ್ಟೆಯ ಮೇಲಿದ್ದ ಒಬ್ಬೊಬ್ಬರ ಮನೆಗೂ ಬರುತ್ತೇನೆ. ಬೈಯುವವರು ಬೈಯಿರಿ, ಬಾಗಿಲು ಹಾಕಿಕೊಳ್ಳುವವರು ಹಾಕಿಕೊಳ್ಳಿರಿ. ಒಂದು ಮನೆಗೆ ಮಾತ್ರ ಹೋಗಲಾರೆ. ಪ್ರಾರ್ಥನೆಯ ಕೋಣೆಯನ್ನು ವಾರವಾರವೂ ಸಾರಿಸುತ್ತಿದ್ದ ಶಾಂತವ್ವ, ಅದರ ಬಾಗಿಲಿಗೆ ಬೇರೆಯವರ ಕೀಲಿ ಬಿದ್ದ ದಿನ ಹೊರಗೆ ನಿಂತು ಅತ್ತಿದ್ದಳು. ಪದ್ಧತಿ ಬದಲಾಗುವ ಮೊದಲೇ ಆಕೆ ತೀರಿಕೊಂಡಳು — ಆ ಕೋಣೆ ಕೊಡುವುದು ಬೇಡ ಎನ್ನುವ ಹಕ್ಕು ತನಗೆ ಇತ್ತೆಂದು ತಿಳಿಯದೆಯೇ.