ಮುಚ್ಚಿಟ್ಟ ತಟ್ಟೆ

ಮುನಿಯಪ್ಪನವರು ಕುರ್ಚಿಯಲ್ಲಿ ಕೂತದ್ದನ್ನು ನಾನು ಒಮ್ಮೆಯೂ ನೋಡಲಿಲ್ಲ. ರಾಬರ್ಟ್‌ಸನ್‌ಪೇಟೆಯ ನಮ್ಮ ಕಾಲೇಜಿನ ಪ್ರಯೋಗಾಲಯದ ಅಟೆಂಡರ್ ಅವರು. ಬೂದಿಕೋಟೆಯಲ್ಲಿ ಹಸು ಕರೆದು, ಡೇರಿಗೆ ಹಾಲು ಹಾಕಿ, ಬಂಗಾರಪೇಟೆಯಲ್ಲಿ ಬಸ್ಸು ಬದಲಿಸಿ ಬರುವರು. ಬಂದಮೇಲೂ ಗಾಜು ತೊಳೆ, ಪರದೆ ಎಳೆ, ಸುತ್ತು ಹಾಕು. ಕೂತುಕೊಳ್ಳಿ ಮಾರಾಯರೆ ಎಂದರೆ, "ಕುಂತ್ರೆ ನಿದ್ದೆ ಬತ್ತದೆ ಮೇಡಂ" ಎನ್ನುವರು.

ಚಡಪಡಿಕೆಯಲ್ಲಿ ನಾನೇನು ಕಡಿಮೆ? ಪಾಠ ಮುಗಿಸಿ ಪಿಎಚ್‌.ಡಿ. ಕೆಲಸಕ್ಕೆ ಕೂರುತ್ತಿದ್ದೆ. ನಮ್ಮ ಜೀವಕೋಶಗಳು ಪುಟ್ಟ ಪುಟ್ಟ ಅಣುಗಳ ಮೂಲಕ ಸುದ್ದಿ ಮುಟ್ಟಿಸುತ್ತವೆ. ಹೈಡ್ರೋಜನ್ ಪೆರಾಕ್ಸೈಡ್ ಅಂಥದೊಂದು. ಅದು ಎದುರಾದರೆ ಹಸಿರಾಗಿ ಹೊಳೆಯುವ ಬಣ್ಣವನ್ನು ಜೀವಂತ ಕೋಶದೊಳಗೆ ಬಿಟ್ಟು, ನೀಲಿ ಬೆಳಕು ಹಾಯಿಸಿ ಸೂಕ್ಷ್ಮದರ್ಶಕದಲ್ಲಿ ನೋಡಬೇಕು. ತಿಂಗಳುಗಟ್ಟಲೆ ನೋಡಿದೆ. ಒಂದು ಮಧ್ಯಾಹ್ನ, ಕೋಶ ಬೆಳೆಸಿದ ಗಾಜಿನ ತಟ್ಟೆ ತುಂಬ ಹಸಿರು! ಕುಣಿದುಬಿಟ್ಟೆ. ಆಗಲೇ ಗೈಡ್‌ಗೆ ಚಿತ್ರ ಕಳಿಸಿದೆ. ಇಷ್ಟು ಸಾಕು, ಪ್ರಬಂಧ ಬರೆದು ಮುಗಿಸು ಎಂದರು ಅವರು.

ಬೆನ್ನ ಹಿಂದೆ ನಿಂತಿದ್ದ ಮುನಿಯಪ್ಪ ಗಂಟಲು ಸರಿಮಾಡಿಕೊಂಡರು. "ಮೇಡಂ, ನೀವು ನೋಡ್ತಾ ನೋಡ್ತಾನೇ ಅಸಿರು ಜಾಸ್ತಿ ಆಗ್ತೈತೆ. ನಾನು ಕಪ್ಪು ಕಾಗ್ದದಾಗೆ ಸುತ್ತಿಟ್ಟಿದ್ದು ತಗದ್ ತಕ್ಷಣ ಮಂಕಾಗೇ ಇರ್ತದೆ."

"ಅಂದರೆ?"

"ಕರು ಆಕೋ ಅಸೂನ ಗಳಿಗೆಗೊಂದ್ಸಲ ಟಾರ್ಚ್ ಬುಟ್ಟು ನೋಡಿದ್ರೆ ಗಾಬ್ರಿಯಾಗಿ ಎದ್ದು ತಿರುಗ್ತದೆ. ಆಮೇಲೆ ನೋವು ಬಂದೈತೆ ಅಂದ್ಕಂಡ್ರೆ ಎಂಗೆ?"

ಮೈಯೆಲ್ಲ ಉರಿದುಹೋಯಿತು. "ನೀವು ಗಾಜು ತೊಳೆಯಿರಿ ಸಾಕು, ಪಾಠ ಹೇಳಬೇಡಿ" ಎಂದೆ. ಅವರು ತಲೆ ತಗ್ಗಿಸಿ ಹೊರಗೆ ಹೋದರು.

ಮಾತು ಮಾತ್ರ ತಲೆಯಲ್ಲೇ ಕೊರೆಯಿತು. ಮರುದಿನ ಎರಡು ತಟ್ಟೆಗೆ ಒಂದೇ ಬಣ್ಣ ಹಾಕಿ, ಒಂದರ ಮೇಲೆ ಬೆಳಕು ಬಿಟ್ಟು ಕೂತೆ, ಇನ್ನೊಂದನ್ನು ಮುಚ್ಚಿಟ್ಟೆ. ಬೆಳಕು ಬಿದ್ದದ್ದು ಹಸಿರು, ಮುಚ್ಚಿದ್ದು ಮಂಕು. ಕೋಶ ಏನನ್ನೂ ಹೇಳಿರಲಿಲ್ಲ. ನನ್ನ ದೀಪವೇ ಬಣ್ಣವನ್ನು ಕೆರಳಿಸಿ ಹೊಳೆಯಿಸಿತ್ತು. ಅಯ್ಯೋ ದೇವರೇ! ಗೈಡ್‌ಗೆ ಫೋನು ಮಾಡಿ, ಆ ಚಿತ್ರಗಳೆಲ್ಲ ಸುಳ್ಳು ಎಂದು ಒಪ್ಪಿಕೊಂಡೆ.

ಮತ್ತೆ ಮೊದಲಿನಿಂದ. ಈಗ ಮುನಿಯಪ್ಪ ಪಕ್ಕದಲ್ಲೇ ನಿಲ್ಲುತ್ತಿದ್ದರು. ನಾನು ದೀಪದ ಶಟರ್ ತೆರೆದರೆ, ಬೆಳಕು ಹೆಚ್ಚು ಹೊತ್ತು ಬೀಳದಂತೆ ಅವರು ಎಣಿಸುವರು. "ಒಂದು, ಎಲ್ಡು, ಮೂರು... ಮುಚ್ರಮ್ಮ!" ಒಂದು ವರ್ಷದ ಮೇಲೆ, ಮೂರು ಎಣಿಸುವುದರೊಳಗೆ, ಸಣ್ಣಗೆ ಹಸಿರು ಕಂಡಿತು. ಅವರೂ ಬಗ್ಗಿ ನೋಡಿದರು.

"ಇಷ್ಟೇನಾ?"

"ಇಷ್ಟೇ."

"ಸಾಕು ಬುಡಿ. ನಿಜ ಅಲ್ವಾ?"

ಅವತ್ತಾದರೂ ತಪ್ಪಾಯಿತು ಎನ್ನಬಹುದಿತ್ತು. ಹಾಳು ಜಂಬ, ಬಾಯಿ ಬರಲಿಲ್ಲ. ಅವರು ನಿವೃತ್ತರಾದ ಮೇಲೆ ಒಮ್ಮೆ ಬಂಗಾರಪೇಟೆ ಬಸ್ ನಿಲ್ದಾಣದಲ್ಲಿ ಸಿಕ್ಕರು. "ಮುನಿಯಪ್ಪನವರೇ, ಅವತ್ತು ನಾನು..." ಎನ್ನುವಷ್ಟರಲ್ಲಿ ಬೂದಿಕೋಟೆ ಬಸ್ಸು ಬಂತು. "ಅಸಾ ಕಾಯ್ತಿರ್ತವೆ ಮೇಡಂ, ಬತ್ತೀನಿ" ಎಂದು ಓಡಿ ಹತ್ತಿದರು. ಸೀಟು ಖಾಲಿ ಇದ್ದರೂ ಬಾಗಿಲ ಬಳಿಯೇ ನಿಂತರು.

ಅವರು ತೀರಿಹೋದ ಸುದ್ದಿಯನ್ನು ಅವರ ಮಗಳು ಫೋನಿನಲ್ಲಿ ಹೇಳಿದಾಗ ತಟ್ಟೆ ಸೂಕ್ಷ್ಮದರ್ಶಕದ ಕೆಳಗಿತ್ತು, ಶಟರ್ ತೆರೆದಿತ್ತು. ಮಾತು ಮುಗಿಸಿ ಬಗ್ಗಿದರೆ ತಟ್ಟೆಯೆಲ್ಲ ಸುಳ್ಳು ಹಸಿರು. ಮುಚ್ರಮ್ಮ ಎನ್ನಲು ಪಕ್ಕದಲ್ಲಿ ಯಾರೂ ಇರಲಿಲ್ಲ.