ಕನ್ನಡಕ ಹುಡುಕಿದ ದೇವರು

ಅವಳು ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜಿ ಫ್ರೇಮಿಗೆ ಕೂರಿಸುವವಳು. ಬಿಡುವಿದ್ದಾಗ ಇಷ್ಟದ ಸಿನಿಮಾ ಪಾತ್ರಗಳನ್ನೂ, ಭಕ್ತರ ಗೋಳು ಕೇಳಿ ಆಕಳಿಸುವ ದೇವರನ್ನೂ ವ್ಯಂಗ್ಯಚಿತ್ರವಾಗಿ ಬರೆದು, ತನ್ನ ಹೆಸರಲ್ಲೇ ಆನ್‌ಲೈನ್‌ನಲ್ಲಿ ಹಾಕುತ್ತಿದ್ದಳು. ದಿನವೂ ಪ್ರಾರ್ಥನೆ ತಪ್ಪಿಸದ ಅತ್ತೆಯೇ ಮೊದಲು ನೋಡಿ ನಗುತ್ತಿದ್ದವರು.

ಹರಕೆ ಚೀಟಿಗಳಲ್ಲಿನ ಭಕ್ತರ ಕಾಗೆಕಾಲು ಗುಬ್ಬಿಕಾಲು ಅಕ್ಷರ ಓದಲಾಗದೆ ದೇವರು ಕನ್ನಡಕ ಹುಡುಕುವ ಚಿತ್ರ ಎಲ್ಲೆಲ್ಲೋ ಹರಿದಾಡಿತು. ಒಂದು ಮಧ್ಯಾಹ್ನ ಯಾರೋ ಒಬ್ಬ ಅಂಗಡಿಗೆ ಬಂದು, ಯಾವ ಫ್ರೇಮನ್ನೂ ನೋಡದೆ ಅವಳೆದುರು ಕುಳಿತ.

"ದೇವರಿಗೆ ಕಣ್ಣು ಕಾಣಲ್ಲ ಅಂದಿದ್ದು ನೀವೇನಾ?"

"ತಮಾಷೆಗೆ ಬರೆದಿದ್ದು ಅಣ್ಣಾ."

"ಸರಿ, ಗೊತ್ತಾಯ್ತು," ಎಂದು ಮೆಲ್ಲಗೆ ಎದ್ದುಹೋದ.

ಅವಳು ಕೂಡಲೇ ಚಿತ್ರ ಅಳಿಸಿದಳು. ಸಂಜೆ ಮನೆಗೆ ಬಂದರೆ ಅತ್ತೆ ಲೋಟ ತೊಳೆಯುತ್ತಿದ್ದರು.

"ನಿನ್ನ ಅಭಿಮಾನಿಯಂತೆ, ಬಂದಿದ್ರು ಕಣಮ್ಮಾ. ಎಷ್ಟು ಒಳ್ಳೆ ಮನುಷ್ಯ! ನೀನು ಎಷ್ಟೊತ್ತಿಗೆ ಬರ್ತೀಯ, ಯಾವ ದಾರೀಲಿ ಬರ್ತೀಯ, ಎಲ್ಲಾ ವಿಚಾರಿಸ್ಕೊಂಡು ಹೋದ್ರು."

"ಹೇಳಿಬಿಟ್ರಾ ಅತ್ತೆ?"

ಅವಳು ಬಾಗಿಲಿಗೆ ಚಿಲಕ ಹಾಕಿ ನಡೆದದ್ದನ್ನೆಲ್ಲ ಹೇಳಿದಳು. ಅತ್ತೆ ಹೋಗಿ ಹಿತ್ತಲ ಬಾಗಿಲಿಗೂ ಚಿಲಕ ಹಾಕಿದರು.

ಮರುದಿನದಿಂದ ಅತ್ತೆಯೇ ಅವಳನ್ನು ಅಂಗಡಿಗೆ ಬಿಟ್ಟು, ಕರೆತರತೊಡಗಿದರು. ಆ ಮನುಷ್ಯ ಮತ್ತೆ ಕಾಣಿಸಲಿಲ್ಲ. ಆದರೆ ಬೆನ್ನ ಹಿಂದೆ ಹೆಜ್ಜೆ ಸದ್ದಾದರೆ ಸಾಕು, ಇಬ್ಬರೂ ಮಾತು ನಿಲ್ಲಿಸುತ್ತಿದ್ದರು.