ಡಾಕ್ಟರಿಗೆ ಕೊಟ್ಟ ಒಂದು ಚಿಟಿಕೆ

“ನಶ್ಯ ಇದೆಯಾ ಮೇಷ್ಟ್ರೇ?” ಅಂತ ಡಾಕ್ಟರು ಮೆಲ್ಲಗೆ ಕೇಳಿದಾಗ, ಬ್ಲಡ್ ಪ್ರೆಷರ್ ನೋಡುವ ಪಟ್ಟಿ ಇನ್ನೂ ನನ್ನ ತೋಳಿನ ಮೇಲೇ ಇತ್ತು. ಆಗ ಯುದ್ಧದ ಕಾಲ, ನನಗೆ ನಲವತ್ತೆಂಟು. ಉಪ್ಪು, ಉಪ್ಪಿನಕಾಯಿ, ನಶ್ಯ, ಕೋಪ ಎಲ್ಲವನ್ನೂ ಬಿಡಬೇಕೆಂದು ತಿಂಗಳ ಹಿಂದೆ ಕಟ್ಟುನಿಟ್ಟಾಗಿ ಹೇಳಿದ್ದವರು ಇದೇ ಡಾಕ್ಟರು.

ನಶ್ಯವನ್ನು ನಾನು ನಿಜವಾಗಿಯೂ ಬಿಟ್ಟಿದ್ದೆ. ಖಾಲಿಯಾದ ಡಬ್ಬಿಗೆ ಉಪ್ಪುಖಾರ ತುಂಬಿ ಜೇಬಿನಲ್ಲಿಟ್ಟುಕೊಂಡಿದ್ದೆ. ಮನೆಯಲ್ಲಿ ದಿನವೂ ಸಪ್ಪೆ ಸಾರು. ಮಾವಿನಕಾಯಿ ಕಾಲದಲ್ಲಿ ಯಲ್ದೂರಿನ ತೋಟಗಳ ಪಕ್ಕದಲ್ಲೇ ಶಾಲೆಗೆ ನಡೆದುಹೋಗುವ ಮನುಷ್ಯ ಎಷ್ಟು ಅಂತ ತಡೆದುಕೊಳ್ಳಬೇಕು?

ಡಾಕ್ಟರು ಜೇಬಿನ ಉಬ್ಬು ನೋಡಿ ಆಗಲೇ ಕೈ ಚಾಚಿದ್ದರು. “ನಮ್ಮನೆಯವಳು ನನ್ನ ಡಬ್ಬಿ ಬಚ್ಚಿಟ್ಟಿದ್ದಾಳೆ ಕಣ್ರೀ. ಬೇಗ ಕೊಡಿ, ಕಾಂಪೌಂಡರ್ ಬಂದುಬಿಡ್ತಾನೆ.”

ಬೇಡ ಅಂದರೆ ಒಳಗೇನಿದೆ ಅಂತ ಹೇಳಬೇಕಾಗುತ್ತಿತ್ತು. ಸುಮ್ಮನೆ ಕೊಟ್ಟೆ. ಅವರು ಬಾಗಿಲ ಕಡೆ ಕಣ್ಣಿಟ್ಟುಕೊಂಡೇ ದೊಡ್ಡ ಚಿಟಿಕೆ ಎತ್ತಿ ಮೂಗಿಗೇರಿಸಿದರು.

ಆಮೇಲೆ ಅವರು ನನ್ನನ್ನು, ಓಡಿಬಂದ ಕಾಂಪೌಂಡರನ್ನು, ತಾಲ್ಲೂಕಿನ ಅಷ್ಟೂ ಮಾವಿನಮರಗಳನ್ನು ಬೈದದ್ದು ತಮ್ಮ ಮನೆಮಾತಾದ ಅಚ್ಚ ತೆಲುಗಿನಲ್ಲಿ. ಎರಡು ಚೊಂಬು ನೀರು ಖರ್ಚಾದ ಮೇಲೆ ಕೆಂಪು ಕಣ್ಣು ಒರೆಸಿಕೊಂಡು, ಪಟ್ಟಿಯನ್ನು ನನ್ನ ತೋಳಿನಿಂದ ಬಿಚ್ಚಿ ತಮ್ಮ ತೋಳಿಗೆ ಸುತ್ತಿಸಿಕೊಂಡರು. ಪಾದರಸ ಏರುತ್ತಾ ಹೋದದ್ದನ್ನು ಮೂವರೂ ನೋಡಿದೆವು. ಎಷ್ಟು ಅಂತ ಅವರು ಹೇಳಲಿಲ್ಲ.

ಅಲ್ಲಿಂದಾಚೆಗೆ ನನಗೆ ಉಪ್ಪು ಬಿಡಿ ಅನ್ನುವಾಗಲೆಲ್ಲ ಡಾಕ್ಟರ ಕೈ ತಾನಾಗಿಯೇ ಮೂಗು ಸವರುತ್ತಿತ್ತು. ಅದನ್ನು ನೋಡಿ ನೋಡಿ ನಾಚಿಕೆಯಾಗಿ ಕೊನೆಗೊಮ್ಮೆ ಬಿಟ್ಟೆ. ಅವರ ಬಾಯಿಂದ ಆಗದ ಕೆಲಸ ಮೂಗಿನಿಂದ ಆಯಿತು.